ಆಷಾಢದಲ್ಲಿ ಕಟ್ಟಿಸಿದ ಹಲ್ಲು

ನಮ್ಮ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಬಂದರೂ ಅದು ಆಷಾಢದವರೆಗೆ ಕಾಯಬೇಕು. ನಮ್ಮದು ಓಲಗದವರ ಮನೆ. ಆಷಾಢದಲ್ಲಿ ಲಗ್ನವಿಲ್ಲ, ಗೃಹಪ್ರವೇಶವಿಲ್ಲ, ನಮ್ಮನ್ನು ಕರೆಯುವವರೂ ಇಲ್ಲ. ಅಪ್ಪನ ಹರ್ನಿಯಾ ಆಪರೇಷನ್ ಒಂದು ಆಷಾಢದಲ್ಲಾಯಿತು, ಅಣ್ಣನ ಕಣ್ಣಿನ ಪೊರೆ ತೆಗೆಸಿದ್ದು ಇನ್ನೊಂದು ಆಷಾಢದಲ್ಲಿ. ಇಬ್ಬರೂ ಶ್ರಾವಣದ ಮೊದಲ ಮುಹೂರ್ತಕ್ಕೆ ಎದ್ದು ಹೋಗಿ ಕೂತರು. ನಾನು ಹಲ್ಲು ಕಟ್ಟಿಸಿಕೊಂಡದ್ದೂ ಆಷಾಢದಲ್ಲೇ.

ಚಾಮರಾಜಪೇಟೆಯ ಗಲ್ಲಿಯೊಂದರಲ್ಲಿ ನಮ್ಮ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ನಾನು ಮತ್ತು ನನ್ನ ಹೆಂಡತಿ. ನಮಗೆ ಮಕ್ಕಳಿಲ್ಲ. ಅಣ್ಣನದು ಡೋಲು, ನನ್ನದು ನಾಗಸ್ವರ. ಅಪ್ಪ ಇಬ್ಬರನ್ನೂ ಬೈದು, ಬಡಿದು ಕಲಿಸಿದ. ಅಣ್ಣ ಅದನ್ನೇ ನಂಬಿ ಬದುಕಿದ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿಕೊಂಡೆ, ಮುಹೂರ್ತ ಬಂದಾಗಲೆಲ್ಲ ರಜೆ ಹಾಕಿದೆ. ನಾವಿಬ್ಬರು ಕೂತು ನುಡಿಸದ ಕಲ್ಯಾಣ ಮಂಟಪ ಬಸವನಗುಡಿ, ಮಲ್ಲೇಶ್ವರದ ಕಡೆ ಇರಲಿಕ್ಕಿಲ್ಲ. ಡೋಲಿಗೆ ಕೈ ಹಾಕುವ ಮುಂಚೆ ಅಣ್ಣ ನನ್ನ ಎದೆಯ ಕಡೆ ನೋಡುತ್ತಿದ್ದ, ಉಸಿರು ತುಂಬಿದೆಯೋ ಇಲ್ಲವೋ ಅಂತ. ಅದಕ್ಕಿಂತ ಹೆಚ್ಚಿನ ಮಾತುಕತೆ ನಮ್ಮ ನಡುವೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ವರ್ಷ ಅಣ್ಣನ ಒಬ್ಬಳೇ ಮಗಳಿಗೆ ಗಂಡು ಗೊತ್ತಾಯಿತು. ಕಾರ್ತಿಕದಲ್ಲಿ ಲಗ್ನ. ನಮ್ಮ ಮನೆಯ ಹುಡುಗಿಯ ತಾಳಿಗೆ ಹೊರಗಿನವರ ನಾಗಸ್ವರ ಕೂರಿಸುವ ಪದ್ಧತಿ ಇಲ್ಲ. ಅಪ್ಪ ಧಾರೆ ಎರೆಯಬೇಕು, ಚಿಕ್ಕಪ್ಪನೋ ದೊಡ್ಡಪ್ಪನೋ ನುಡಿಸಬೇಕು. ನನ್ನ ಅಕ್ಕಂದಿರ ಮದುವೆಗಳಲ್ಲಿ ಚಿಕ್ಕಪ್ಪ ಜ್ವರದ ಮೈಯಲ್ಲೇ ಕೂತು ನುಡಿಸಿದ್ದನ್ನು ನೋಡಿದ್ದೇನೆ. ಗಟ್ಟಿಮೇಳದ ವಿಷಯದಲ್ಲಂತೂ ನಮ್ಮ ಹೆಂಗಸರು ಬಹಳ ಕಟ್ಟುನಿಟ್ಟು. ತಾಳಿಗೆ ಮೂರನೇ ಗಂಟು ಬೀಳುವ ತನಕ ನಾಗಸ್ವರ ನಿಲ್ಲಬಾರದು. ಸೀನೋ, ಅಳುವೋ, ಅಪಶಬ್ದವೋ ಹೆಣ್ಣಿನ ಕಿವಿಗೆ ಬೀಳಬಾರದು. ನಿಂತುಹೋದರೆ ಆ ಹೆಣ್ಣಿನ ಬಾಳಿಗೆ ಒಳ್ಳೆಯದಲ್ಲ ಅಂತ ನಮ್ಮಲ್ಲಿ ನಂಬಿಕೆ. ಆ ಹುಡುಗಿ ನನ್ನ ಕಾಲ ಮೇಲೆ ಕೂತು ನಾಗಸ್ವರದ ತೂತುಗಳನ್ನು ಮುಚ್ಚಿ ತೆಗೆದು ಆಡಿಕೊಂಡು ಬೆಳೆದವಳು. ನನಗೆ ಅವಳೇ ಮಗಳು. ಅವಳ ಗಟ್ಟಿಮೇಳ ನನ್ನದು ಅಂತ ಅವಳು ಹುಟ್ಟಿದ ದಿನವೇ ತೀರ್ಮಾನವಾಗಿತ್ತು.

ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದವಳೂ ಅವಳೇ. ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿ, ನಾನು ಒಂದೇ ಕಡೆ ಅಗಿಯುತ್ತಿದ್ದೆ. ಲ್ಯಾಬ್ ಟೆಕ್ನೀಷಿಯನ್ ಆಗಿದ್ದ ಅವಳಿಗೆ ಬಸವನಗುಡಿಯ ಒಂದು ಕ್ಲಿನಿಕ್ ಗೊತ್ತಿತ್ತು. "ಚಿಕ್ಕಪ್ಪ, ಮದುವೆ ಹತ್ರ ಬಂದ್ಮೇಲೆ ನೋವು ಅಂತ ಕೂತ್ಕೊಂಡ್ರೆ ನಾನು ಸುಮ್ನೆ ಬಿಡಲ್ಲ. ಈಗ್ಲೇ ತೋರಿಸ್ಕೊಂಡು ಬಂದ್ಬಿಡು," ಅಂದಳು. ಆಷಾಢವೂ ಬಂದಿತ್ತು. ಹೋದೆ.

ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ನಿಧಾನದವರು, ಕೈ ಮೆತ್ತಗೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಕುರ್ಚಿ ಹಿಂದಕ್ಕೆ ಬಾಗಿಸುತ್ತ, "ಏನ್ ಕೆಲ್ಸ ಮಾಡ್ತೀರಾ ಸರ್?" ಅಂದರು.

"ಸರ್ಕಾರಿ ಆಫೀಸಲ್ಲಿದೀನಿ ಮೇಡಂ."

ಓಲಗದ ಮಾತು ಎತ್ತಲಿಲ್ಲ. ಯಾಕೆ ಎತ್ತಲಿ? ನಮ್ಮ ಜನದಲ್ಲಿ ಅರ್ಧ ಓಲಗ ಹಿಡಿದವರು, ಅರ್ಧ ಕತ್ತರಿ ಹಿಡಿದವರು. ಓಲಗ ಅಂದ ತಕ್ಷಣ ಕೇಳಿದವರ ಕಣ್ಣಲ್ಲಿ ಮುಂದಿನ ಪ್ರಶ್ನೆ ಬಂದು ಕೂತಿರುತ್ತದೆ. ಒಮ್ಮೆ ಮದುವೆಯೊಂದರಲ್ಲಿ ನಮ್ಮ ಕಚೇರಿಯ ಸಾಹೇಬರು ನನ್ನನ್ನು ನೋಡಿಬಿಟ್ಟರು. ಮಾರನೇ ದಿನ ಎಲ್ಲರ ಎದುರಿಗೆ, "ಏನ್ರೀ, ಊದೋದು ಮಾತ್ರನೋ, ಕಟಿಂಗೂ ಮಾಡ್ತೀರೋ?" ಅಂದರು. ಇಡೀ ಸೆಕ್ಷನ್ ನಕ್ಕಿತು. ಆ ನಗು ಇನ್ನೂ ನನ್ನ ಹೊಟ್ಟೆಯಲ್ಲಿದೆ. ಕತ್ತರಿ ಹಿಡಿದ ನನ್ನ ಸೋದರಮಾವ ಯಾರಿಗೂ ಕಡಿಮೆಯಿಲ್ಲದೆ ಬದುಕಿದವನು. ಅವನ ಕಸುಬು ಇವರ ಬಾಯಿಗೆ ಎಲೆ ಅಡಿಕೆ ಆಯಿತಲ್ಲ ಅಂತ ಮೈ ಉರಿದಿತ್ತು. ಅಲ್ಲಿಂದಾಚೆಗೆ ಮಂಟಪದ ಹೊರಗೆ ನಾನು ಗುಮಾಸ್ತ, ಅಷ್ಟೇ. ಬಸವನಗುಡಿಯಲ್ಲಂತೂ ಬಾಯಿ ಇನ್ನೂ ಬಿಗಿ. ಕ್ಲಿನಿಕ್ಕಿದ್ದ ಆ ರಸ್ತೆಯ ಮನೆಮನೆಯ ಮದುವೆಗೂ ನುಡಿಸಿ, ಕೊನೆ ಪಂಕ್ತಿಯಲ್ಲಿ ಉಂಡು ಬಂದವರು ನಾವು.

ಡಾಕ್ಟರು ಹುಳುಕು ಹಲ್ಲು ನೋಡಿ ಮುಗಿಸಿ, ಮುಂದಿನ ಹಲ್ಲುಗಳ ಹತ್ತಿರ ಬಂದು ನಿಂತರು. ಸಣ್ಣ ಕನ್ನಡಿಯನ್ನು ಅತ್ತ ಇತ್ತ ತಿರುಗಿಸಿದರು.

"ಇದೇನ್ ಸರ್, ಮುಂದಿನ ಹಲ್ಲೆಲ್ಲ ಇಷ್ಟು ಸವೆದಿದೆ? ದವಡೆನೂ ಮುಂದಕ್ಕೆ ಬಂದಿದೆ. ರಾತ್ರಿ ನಿದ್ದೇಲಿ ಹಲ್ಲು ಕಡೀತೀರಾ?"

ಅದು ಯಾಕೆ ಸವೆದಿದೆ ಅಂತ ನನಗೆ ಗೊತ್ತಿರಲಿಲ್ಲವೇ? ನಾಗಸ್ವರದ ತುದಿಗೆ ಸಿಕ್ಕಿಸುವ ಪೀಪಿಗೆ ಸೀವಾಳಿ ಅನ್ನುತ್ತೇವೆ. ಅದು ತುಟಿಯಲ್ಲಿ ನಿಲ್ಲಬೇಕಾದರೆ ಕೆಳದವಡೆ ಒಂದಿಷ್ಟು ಮುಂದಕ್ಕೆ ಬರಬೇಕು. ಚಿಕ್ಕಂದಿನಿಂದ ಹಾಗೆ ಹಿಡಿದೂ ಹಿಡಿದೂ ನನ್ನ ದವಡೆ ಊದದಿರುವಾಗಲೂ ಅಲ್ಲೇ ಇರುವುದನ್ನು ಕಲಿತಿತ್ತು. ಹಲ್ಲಿನ ಅಂಚಿಗೆ ಅಂಚು ತಾಗಿ ಸವೆದಿತ್ತು. ಅಪ್ಪನದೂ ಹಾಗೇ ಇತ್ತು. ಅದು ನಮ್ಮ ಕಸುಬಿನ ಗುರುತು. ಆದರೆ ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

"ಹೂಂ ಮೇಡಂ, ಕಡೀತೀನಿ ಅಂತಾಳೆ ಮನೇಲಿ," ಅಂದೆ.

ಆ ಒಂದು ಮಾತಿನ ಮೇಲೆ ಮುಂದಿನದೆಲ್ಲ ನಡೆಯಿತು. ಹಲ್ಲು ಕಡಿಯುವವನ ಬಾಯಿಗೆ ಏನು ಮಾಡಬೇಕೋ ಅದನ್ನು ಅವರು ಶ್ರದ್ಧೆಯಿಂದ ಮಾಡಿದರು. ನಾಲ್ಕಾರು ಸಲ ಕರೆಸಿಕೊಂಡು, ಹುಳುಕು ಹಲ್ಲುಗಳಿಗೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರು. ಸವೆದ ಹಲ್ಲುಗಳನ್ನು ಇನ್ನಷ್ಟು ಅರೆದು, ಅವುಗಳಿಗೂ ಎತ್ತರದ ಕ್ಯಾಪ್ ಕೂರಿಸಿದರು. ಮುಂದಕ್ಕೆ ಬಂದಿದ್ದ ದವಡೆ ಆ ಕ್ಯಾಪುಗಳ ಮೇಲೆ ಹಿಂದಕ್ಕೆ ಸರಿದು ಕೂರುವ ಹಾಗೆ ಮಾಡಿದರು. ನೀಲಿ ಕಾಗದದ ಚೂರೊಂದನ್ನು ಹಲ್ಲಿನ ನಡುವೆ ಇಟ್ಟು, "ಕಚ್ಚಿ, ಇನ್ನೊಂದ್ಸಲ ಕಚ್ಚಿ. ಸರಿ ಕೂತಿದೆಯಾ?" ಅಂದರು. ಅರ್ಧ ಮುಖ ಮರಗಟ್ಟಿತ್ತು. ಏನು ಕೂತಿದೆ, ಏನು ನಿಂತಿದೆ ಅಂತ ಯಾವನಿಗೆ ಗೊತ್ತು? ಕೂತಿದೆ ಅಂದೆ. ಕನ್ನಡಿ ಕೊಟ್ಟರು. ಹಲ್ಲು ಚೆನ್ನಾಗಿಯೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಎದ್ದಾಗ ಬಾಯಿ ನನ್ನದಲ್ಲ ಅನ್ನಿಸಿತು. ಬಾಯಿ ಮುಚ್ಚಿದರೆ ಮೊದಲು ಹಿಂದಿನ ಹಲ್ಲು ತಾಗುತ್ತಿತ್ತು, ಆಮೇಲೆ ಎಡಕ್ಕೆ ಜಾರಿ ಉಳಿದವು ಸೇರುತ್ತಿದ್ದವು. ಇಡ್ಲಿ ತಿನ್ನುವಾಗಲೂ ಕಿವಿಯ ಹತ್ತಿರ ಕಟಕ್ ಅಂತ ಸದ್ದು. ಮಧ್ಯಾಹ್ನದ ಹೊತ್ತಿಗೆ ನೋವು ಕಿವಿಯಿಂದ ಕಪಾಲಕ್ಕೆ ಏರುತ್ತಿತ್ತು. ಕಚೇರಿಯಲ್ಲಿ ಊಟದ ಡಬ್ಬಿ ಮುಚ್ಚಿಟ್ಟದ್ದನ್ನು ನೋಡಿ ಪಕ್ಕದ ಮೇಜಿನವನು, "ಏನ್ ಗುರು, ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರಲ್ಲ, ನಿನಗೆ ಎರಡೂ ಇದ್ದು ತಿನ್ನೋಕಾಗಲ್ವಲ್ಲ," ಅಂತ ರೇಗಿಸಿದ. ಅವನ ಡಬ್ಬಿ ಎತ್ತಿ ಕಿಟಕಿಯಾಚೆ ಎಸೆಯಬೇಕು ಅನ್ನಿಸಿತು. ರಾಗಿಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಿದರಾಯಿತು. ಹಾಗಾಗಿ ಎರಡು ಹೊತ್ತೂ ಮುದ್ದೆ ಉಂಡೆ.

ಶ್ರಾವಣ ಹತ್ತಿರ ಬಂದಾಗ ನಾಗಸ್ವರ ತೆಗೆದೆ. ಸೀವಾಳಿ ತುಟಿಗಿಟ್ಟೆ. ದವಡೆ ಮುಂದಕ್ಕೆ ಬರಲಿಲ್ಲ. ಬಲವಂತ ಮಾಡಿದೆ, ಕಟಕ್ ಅಂದು ಬಂತು, ಬಂದದ್ದು ನಿಲ್ಲಲಿಲ್ಲ. ಷಡ್ಜ ಹಿಡಿದರೆ ಅದು ಕೆಳಗೆ ಕುಸಿಯುತ್ತಿತ್ತು. ಮೇಲಿನ ಸ್ಥಾಯಿಗೆ ಹೋದರೆ ತುಟಿಯ ಸಂದಿನಿಂದ ಗಾಳಿ ಸೋರಿ ಪುಸ್ ಅನ್ನುತ್ತಿತ್ತು. ಕಲಿಯಲು ಬಂದ ಮೊದಲ ವಾರದ ಹುಡುಗನೂ ಹಾಗೆ ಊದುವುದಿಲ್ಲ. ನನಗೆ ಭಯವಾಯಿತು. ಅಪ್ಪ ಸತ್ತಾಗಲೂ ಅಂಥ ಭಯ ಆಗಿರಲಿಲ್ಲ.

ಅಣ್ಣ ಮನೆಯಲ್ಲಿಲ್ಲದ ಹೊತ್ತು ನೋಡಿ ಅಭ್ಯಾಸ ಮಾಡತೊಡಗಿದೆ. ಶ್ರಾವಣದ ಮುಹೂರ್ತಗಳಿಗೆ ಹಲ್ಲುನೋವಿನ ನೆಪ ಹೇಳಿದೆ, ಅಣ್ಣ ಬೇರೆಯವರನ್ನು ಕರೆದುಕೊಂಡು ಹೋದ. ಸಿಟ್ಟೆಲ್ಲ ಹೆಂಡತಿಯ ಮೇಲೆ. ಚಪಾತಿ ಗಟ್ಟಿಯಾಯಿತು ಅಂತ ಒಂದು ದಿನ ತಟ್ಟೆಯನ್ನೇ ತಳ್ಳಿದೆ. ಅವಳು ನೆಲ ಒರೆಸಿ, ಅನ್ನ ಮಿದ್ದು ಮಜ್ಜಿಗೆ ಕಲಸಿ ತಂದಿಟ್ಟಳು. ಅದನ್ನು ಉಣ್ಣುವಾಗ ಕಣ್ಣಲ್ಲಿ ನೀರು ಬಂತು. ನೋವಿಗೆ ಬಂತು ಅಂದುಕೊಳ್ಳಲಿ ಅಂತ ದವಡೆ ಹಿಡಿದುಕೊಂಡು ಕೂತೆ.

ಕ್ಲಿನಿಕ್ಕಿಗೆ ಮತ್ತೆ ಮತ್ತೆ ಹೋದೆ. ಅಲ್ಲಿ ಇಲ್ಲಿ ಸ್ವಲ್ಪ ಉಜ್ಜಿದರು. "ಹೊಸ ಬೈಟ್ ಅಲ್ವಾ ಸರ್, ಒಗ್ಗೋಕೆ ಟೈಮ್ ಬೇಕು," ಅಂದರು. ನಿದ್ದೆಯಲ್ಲಿ ಹಲ್ಲು ಕಡಿಯುವುದರಿಂದಲೇ ನೋವು ಇಳಿಯುತ್ತಿಲ್ಲ ಅಂತ, ರಾತ್ರಿ ಹಾಕಿಕೊಂಡು ಮಲಗಲು ಪ್ಲಾಸ್ಟಿಕ್ಕಿನ ಒಂದು ಅಚ್ಚು ಮಾಡಿಕೊಟ್ಟರು. ನಾನು ಜನ್ಮದಲ್ಲಿ ಮಾಡದ ಕೆಲಸಕ್ಕೆ ಪಥ್ಯ. ಅದನ್ನು ಬಾಯಿಗೆ ತುರುಕಿಕೊಳ್ಳುವುದನ್ನು ಹೆಂಡತಿ ನೋಡಿದಳು.

"ಏನ್ರೀ ಅದು?"

ಹೇಳಿದೆ.

"ನೀವ್ಯಾವಾಗ ಹಲ್ಲು ಕಡಿದ್ರಿ? ಇಷ್ಟು ವರ್ಷ ಪಕ್ಕದಲ್ಲಿ ಮಲಗಿದೀನಿ, ನಂಗೆ ಗೊತ್ತಿಲ್ವಾ? ಗೊರಕೆ ಹೊಡೀತೀರಿ, ಅಷ್ಟೇ."

ಅಚ್ಚನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದೆ. ಅವಳಿಗೆ ಎಲ್ಲ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುಂದಿನ ಸಲ ನನ್ನ ಜೊತೆ ಕ್ಲಿನಿಕ್ಕಿಗೆ ಹೊರಟಳು. ಬೇಡ ಅಂದರೂ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಳು. ಒಳಗೆ ಹೋದವಳೇ ಕೂರದೆ ಹೇಳಿಬಿಟ್ಟಳು: "ಅಮ್ಮಾ, ಇವ್ರು ಹಲ್ಲು ಕಡಿಯಲ್ಲ. ನಾಗಸ್ವರ ನುಡಿಸ್ತಾರೆ. ಚಿಕ್ಕ ಹುಡುಗ ಆಗಿದ್ದಾಗಿಂದ."

ಡಾಕ್ಟರು ಕೈಗವಸು ತೆಗೆದು ಕಸದ ಬುಟ್ಟಿಗೆ ಹಾಕಿದರು. ಅವರ ಕಣ್ಣಲ್ಲಿ ಮುಂದಿನ ಪ್ರಶ್ನೆಗೆ ನಾನು ಕಾದೆ. ಅದು ಬರಲಿಲ್ಲ. "ಮೊದ್ಲೇ ಹೇಳ್ಬಾರ್ದಾಗಿತ್ತಾ ಸರ್?" ಅಂದರು. "ಆ ಮುಂದಿನ ಹಲ್ಲು ನಾನು ಮುಟ್ತಾನೇ ಇರ್ಲಿಲ್ಲ. ಹಿಂದಿನ ಎರಡು ಮಾಡಿ ಕಳಿಸ್ತಿದ್ದೆ."

"ಈಗ ಮೊದಲಿನ ಹಾಗೆ ಮಾಡೋಕಾಗಲ್ವಾ?" ಅಂತ ಹೆಂಡತಿ ಕೇಳಿದಳು.

"ಕ್ಯಾಪ್ ಗಿಡ್ಡ ಮಾಡ್ಬಹುದು ಅಮ್ಮ. ಅರೆದ ಹಲ್ಲು ವಾಪಸ್ ಬರಲ್ಲ. ದವಡೆ ಕೀಲಿಗೂ ಪೆಟ್ಟಾಗಿದೆ, ಅದು ಮಾಗ್ಬೇಕು. ಕೆಲವು ತಿಂಗಳು ಊದೋದು ಪೂರ್ತಿ ನಿಲ್ಸಿ. ಆಮೇಲೂ ನಾನು ಖಾತ್ರಿ ಕೊಡೋಕಾಗಲ್ಲ."

ತಿಂಗಳುಗಳೆಲ್ಲಿದ್ದವು? ಕಾರ್ತಿಕ ಎದುರಿಗೇ ಇತ್ತು. ಹಿಂದಿರುಗುವಾಗ ಆಟೋದಲ್ಲಿ ಹೆಂಡತಿ, "ಭಾವನಿಗೆ ಹೇಳ್ಬಿಡೋಣ," ಅಂದಳು. ಹೇಳಿದರೆ ಕಾಲು ಮುರೀತೀನಿ ಅಂದೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ.

ಲಗ್ನಪತ್ರಿಕೆ ಹಂಚುವ ದಿನಗಳಲ್ಲಿ ಅಣ್ಣನೇ ಮೇಲೆ ಬಂದ. ಅವನಿಗೆ ಕಿವಿ ಇಲ್ಲವೇ? ಕದ್ದು ಮಾಡಿದ ನನ್ನ ಅಭ್ಯಾಸವನ್ನು ಅವನು ಗಲ್ಲಿಯ ತಿರುವಿನಲ್ಲೇ ಕೇಳಿಸಿಕೊಂಡಿದ್ದ.

"ಆಗತ್ತೇನೋ? ಆಗಲ್ಲ ಅಂದ್ರೆ ಈಗ್ಲೇ ಹೇಳು. ಕಾಟನ್‌ಪೇಟೆಯವರನ್ನ ಕೂರಿಸೋಣ. ಇದ್ರಲ್ಲಿ ಅವಮಾನ ಏನೂ ಇಲ್ಲ."

"ಆಗತ್ತೆ."

"ಪಕ್ಕದಲ್ಲಿ ಇನ್ನೊಂದು ನಾಗಸ್ವರ ಆದ್ರೂ ಇಟ್ಕೋ."

"ಬೇಡ. ನಮ್ಮನೆ ಮಗಳ ತಾಳಿಗೆ ಇನ್ನೊಬ್ಬನ ಉಸಿರು ಬೇಡ ಅಣ್ಣ."

 ನಾನು ನುಡಿಸುತ್ತೇನೆ ಅಂದರೆ ನುಡಿಸುತ್ತೇನೆ ಅಂತ ನಂಬುವುದು ಅವನಿಗೆ ಅಭ್ಯಾಸವಾಗಿತ್ತು. "ಸರಿ," ಅಂತ ಇಳಿದು ಹೋದ.

ಲಗ್ನದ ದಿನ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ, ಬಿಸಿನೀರಿನ ಬಟ್ಟೆ ಒತ್ತಿ, ಮಂಟಪದ ಪಕ್ಕದ ನಮ್ಮ ಜಾಗದಲ್ಲಿ ಹೋಗಿ ಕೂತೆ. ಡೋಲಿಗೆ ಅಣ್ಣನ ಬದಲು ದೊಡ್ಡಮ್ಮನ ಮಗ. ಮೊದಲಿನ ಹೊತ್ತೆಲ್ಲ ಉಳಿಸಿಕೊಂಡು ನುಡಿಸಿದೆ. ಕೆಳಗಿನ ಸ್ಥಾಯಿಯಲ್ಲೇ ಸುತ್ತಾಡಿದೆ, ಡೋಲಿನವನಿಗೆ ಹೆಚ್ಚು ಬಿಟ್ಟುಕೊಟ್ಟೆ. ಹುಡುಗಿ ಮಂಟಪಕ್ಕೆ ಬಂದಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಣ್ಣ ಜರಿಪಂಚೆ ಉಟ್ಟು ಧಾರೆ ಎರೆದ. ಆಗುತ್ತದೆ, ದೇವರು ಕಣ್ಣು ಬಿಟ್ಟಿದ್ದಾನೆ ಅಂತ ನನಗೂ ಅನ್ನಿಸಿತ್ತು.

ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಡೋಲು ಭೋರ್ಗರೆಯಿತು. ಉಸಿರು ತುಂಬಿ ಮೇಲಿನ ಷಡ್ಜ ಹಿಡಿದೆ. ನಿಂತಿತು, ಚೆನ್ನಾಗಿಯೇ ನಿಂತಿತು. ಹುಡುಗ ಮೊದಲ ಗಂಟು ಹಾಕಿದ್ದನ್ನು ನೋಡಿದೆ. ಎರಡನೆಯದಕ್ಕೆ ದಾರ ಹಿಡಿದಾಗ ಕಿವಿಯ ಬುಡದಲ್ಲಿ ಏನೋ ಕಿತ್ತುಬಂದ ಹಾಗಾಯಿತು. ದವಡೆ ಅಡ್ಡಕ್ಕೆ ಹೋಗಿ ಸಿಕ್ಕಿಕೊಂಡಿತು. ನಾಗಸ್ವರ ಒಂದು ಸಲ ಕಿರುಚಿ ನಿಂತುಹೋಯಿತು. ಊದಿದೆ, ಮತ್ತೆ ಊದಿದೆ, ಬರಿಯ ಗಾಳಿ. ಎರಡನೆಯ ಗಂಟು, ಮೂರನೆಯ ಗಂಟು, ಎರಡೂ ಬರಿಯ ಡೋಲಿಗೆ ಬಿದ್ದವು. ನಾನು ಕೆನ್ನೆ ಉಬ್ಬಿಸಿಕೊಂಡು, ತೂತುಗಳ ಮೇಲೆ ಬೆರಳಾಡಿಸುತ್ತ, ನುಡಿಸುವವನ ಹಾಗೆ ನಟಿಸುತ್ತ ಕೂತಿದ್ದೆ.

ಯಾರಿಗೂ ಗೊತ್ತಾಗಲಿಲ್ಲ. ಅಕ್ಷತೆ ಬಿತ್ತು, ಮೊಬೈಲುಗಳು ಮೇಲೆದ್ದವು, ಎಲ್ಲರೂ ಎದ್ದು ನಿಂತರು. ಗಂಡಿನ ಕಡೆಯ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ಓಲಗ ಅಂದ್ರೆ ಹೀಗಿರ್ಬೇಕು ನೋಡಿ," ಅಂದು ಹೋದರು. ಮಂಟಪದ ಮೇಲೆ ಅಣ್ಣನೊಬ್ಬ ಒದ್ದೆ ಕೈ ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿ ನಿಂತಿದ್ದ.

ನಮಸ್ಕಾರಕ್ಕೆ ಬಂದಾಗ ಹುಡುಗಿ ಕಾಲು ಮುಟ್ಟಿ ಎದ್ದು, ಗಂಡ ಸ್ವಲ್ಪ ಆಚೆ ಹೋಗುವುದನ್ನು ಕಾದಳು.

"ಚಿಕ್ಕಪ್ಪ, ನಾನು ಕಿವಿಗೊಟ್ಟು ಕೇಳ್ತಾ ಇದ್ದೆ. ಮಧ್ಯದಲ್ಲಿ ನಿಂತ್ಹೋಯ್ತಲ್ಲ?"

ಅವಳ ಮುಖ ಬಿಳಿಚಿಕೊಂಡಿತ್ತು. ನಮ್ಮ ಮನೆಯ ಹೆಂಗಸರ ನಡುವೆ ಬೆಳೆದವಳು. ಅದು ನಿಂತರೆ ಏನರ್ಥ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದವಡೆ ಇನ್ನೂ ಸಿಕ್ಕಿಕೊಂಡೇ ಇತ್ತು. ಹಲ್ಲಿನ ಸಂದಿನಿಂದಲೇ ಹೇಳಿದೆ: "ಇಲ್ಲ ಕಣಮ್ಮ. ಪೂರ್ತಿ ನುಡಿಸ್ದೆ. ಗದ್ದಲದಲ್ಲಿ ನಿಂಗೆ ಕೇಳಿಸ್ಲಿಲ್ಲ."

ಅವಳು ನಂಬಲಿಲ್ಲ. ಪಕ್ಕದಲ್ಲಿದ್ದ ಅಣ್ಣನ ಕಡೆ ತಿರುಗಿದಳು. "ಅಪ್ಪ, ನೀನು ಹೇಳು."

ಅಣ್ಣ ಡೋಲು ಹಿಡಿದ ಮೇಲೆ ಒಂದು ಏಟಿನ ತಪ್ಪನ್ನೂ ಯಾರಿಗೂ ಬಿಟ್ಟವನಲ್ಲ. ಅಪ್ಪನಿಗೂ ಬಿಟ್ಟಿರಲಿಲ್ಲ. ಅವನು ಶಲ್ಯದಿಂದ ಕೈ ಒರೆಸಿಕೊಂಡ. "ಪೂರ್ತಿ ನುಡಿಸ್ದ ಕಣೆ," ಅಂದ. "ನಾನು ಅಲ್ಲೇ ನಿಂತಿರ್ಲಿಲ್ವಾ? ಮೂರನೇ ಗಂಟು ಬೀಳೋ ತನಕ ಇತ್ತು. ಹೋಗು, ಅತ್ತೆ ಮಾವ ಕಾಯ್ತಿದಾರೆ."

ಅವಳ ಮುಖಕ್ಕೆ ಬಣ್ಣ ವಾಪಸ್ ಬಂತು. ಅಪ್ಪನ ಮಾತನ್ನು ನಂಬಿ ಹೋದಳು. ಅಣ್ಣ ನನ್ನ ಕಡೆ ನೋಡದೆ ಊಟದ ಮನೆಯತ್ತ ನಡೆದ. ನನಗೆ ಅವನ ಕಾಲು ಹಿಡಿಯಬೇಕು ಅನ್ನಿಸಿತು. ಸುತ್ತ ಜನ, ಹಿಡಿಯಲಿಲ್ಲ.

ಆಮೇಲಿನ ಮುಹೂರ್ತಗಳಿಗೆ ಅಣ್ಣ ನನ್ನನ್ನು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಕ್ಯಾಪುಗಳನ್ನು ಗಿಡ್ಡ ಮಾಡಿಸಿಕೊಂಡೆ. ನೋವು ಅರ್ಧ ಇಳಿಯಿತು, ಅಗಿಯುವುದಕ್ಕೆ ಅಡ್ಡಿಯಿಲ್ಲ. ಊದುವುದು ಮಾತ್ರ ವಾಪಸ್ ಬರಲಿಲ್ಲ. ಹುಡುಗಿ ಚೆನ್ನಾಗಿದ್ದಾಳೆ. ಆದರೂ ಅವಳಿಗೆ ಒಂದು ನೆಗಡಿ ಅಂತ ಫೋನು ಬಂದರೂ ಕೆಳಗಡೆ ಅಣ್ಣ ಮಾತು ನಿಲ್ಲಿಸುತ್ತಾನೆ, ಮೇಲೆ ನಾನು ನಿಲ್ಲಿಸುತ್ತೇನೆ.

ಮೊನ್ನೆ ಕಚೇರಿಗೆ ಹೋಗುವಾಗ ದಾರಿಯ ಮಂಟಪವೊಂದರಿಂದ ಡೋಲು ಕೇಳಿಸಿತು. ಅಣ್ಣನ ಕೈ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಜೊತೆಗೆ ಯಾರೋ ಹುಡುಗನ ನಾಗಸ್ವರ, ಪರವಾಗಿಲ್ಲ. ಫುಟ್‌ಪಾತಿನ ಮೇಲೆ ನಿಂತೆ. ಗಟ್ಟಿಮೇಳ ಶುರುವಾಯಿತು. ಮುಚ್ಚಿದ ಬಾಯೊಳಗೆ ನನ್ನ ಕೆಳದವಡೆ ತಾನಾಗಿಯೇ ಮುಂದಕ್ಕೆ ಹೊರಟು, ಅರ್ಧದಲ್ಲಿ ಸಿಕ್ಕಿಕೊಂಡಿತು. ಒಳಗಿನ ಆ ಹುಡುಗ ಉಸಿರು ಕಡಿಯದೆ ಕೊನೆಯವರೆಗೂ ನುಡಿಸಿದ. ನಾನು ಎರಡು ಕೈಯಲ್ಲೂ ದವಡೆ ಹಿಡಿದುಕೊಂಡು, ಅದು ಮುಗಿಯುವ ತನಕ ಅಲ್ಲೇ ನಿಂತಿದ್ದೆ.